ಲೈಪೋಸಕ್ಷನ್

ಚರ್ಮದಡಿ ಶೇಖರವಾದ ಕೊಬ್ಬನ್ನು ಸಣ್ಣ ರಂಧ್ರದ ಮೂಲಕ ಕೊಳವೆ ತೂರಿಸಿ ಹೀರಿ ತೆಗೆಯುವ ಶಸ್ತ್ರಚಿಕಿತ್ಸೆ. ಹೊಟ್ಟೆ, ಸೊಂಟ, ತೊಡೆ, ತೋಳು, ಗದ್ದದ ಅಡಿಭಾಗಗಳಲ್ಲಿ ಪಥ್ಯಕ್ಕೂ ವ್ಯಾಯಾಮಕ್ಕೂ ಜಗ್ಗದೆ ಉಳಿಯುವ ಕೊಬ್ಬಿಗೆ ಇದನ್ನು ಬಳಸುತ್ತಾರೆ. ಈಚಿನ ವರ್ಷಗಳಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಂದಿ ಇದನ್ನು ಮಾಡಿಸಿಕೊಳ್ಳುತ್ತಿದ್ದಾರೆ. ಜಠರವನ್ನು ಕಿರಿದುಗೊಳಿಸುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯೇ ಬೇರೆ, ಇದೇ ಬೇರೆ. ಕರುಳಿನ ಸುತ್ತ ಕೂತ ಕೊಬ್ಬನ್ನು ಈ ಕೊಳವೆ ಮುಟ್ಟುವುದೇ ಇಲ್ಲ. ಆದ್ದರಿಂದ ಇದರಿಂದ ಮೈಯ ಆಕಾರ ತಿದ್ದಬಹುದೇ ಹೊರತು ಬೊಜ್ಜಿನ ಕಾಯಿಲೆ ವಾಸಿಯಾಗದು.

ಕೊಬ್ಬನ್ನು ಕತ್ತರಿಸಿ ತೆಗೆಯುವ ಪ್ರಯತ್ನಗಳು ಇದಕ್ಕಿಂತ ಹಳೆಯವು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೋವರ್ಡ್ ಕೆಲ್ಲಿ 1899ರಲ್ಲೇ ಜೋತುಬಿದ್ದ ಹೊಟ್ಟೆಯ ಚರ್ಮವನ್ನು ಕೊಬ್ಬಿನ ಸಮೇತ ಕತ್ತರಿಸಿ ತೆಗೆದಿದ್ದರು. ಆದರೆ ಅದರಿಂದ ಉದ್ದನೆಯ ಗಾಯದ ಗುರುತು ಉಳಿಯುತ್ತಿತ್ತು. ಕಲೆ ಉಳಿಸದೆ ಕೊಬ್ಬು ತೆಗೆಯಲು ಹೋಗಿ 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಒಂದು ದುರಂತವೇ ನಡೆಯಿತು. ನರ್ತಕಿಯೊಬ್ಬಳು ತನ್ನ ಕಾಲು ತೆಳ್ಳಗಾಗಬೇಕೆಂದು ಷಾರ್ಲ್ ದುಜಾರಿಯೆ ಎಂಬ ಶಸ್ತ್ರವೈದ್ಯರ ಬಳಿ ಬಂದಳು. ಅವರು ಗರ್ಭಕೋಶವನ್ನು ಕೆರೆಯುವ ಕ್ಯೂರೆಟ್ ಎಂಬ ಹರಿತವಾದ ಸಲಕರಣೆಯನ್ನು ಕಾಲಿನೊಳಗೆ ತೂರಿಸಿ ಕೊಬ್ಬನ್ನು ಕೆರೆದರು. ರಕ್ತನಾಳಕ್ಕೆ ಪೆಟ್ಟಾಗಿ ಕಾಲು ಕೊಳೆಯಿತು; ಕೊನೆಗೆ ಅದನ್ನು ಕತ್ತರಿಸಿ ತೆಗೆಯಬೇಕಾಯಿತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಆಮೇಲೆ ಬಹುಕಾಲ ಈ ಕೆಲಸಕ್ಕೆ ಕೈಹಾಕಲು ವೈದ್ಯರು ಹಿಂಜರಿದರು.

1960ರ ದಶಕದಲ್ಲಿ ಜರ್ಮನಿಯ ಯೋಸೆಫ್ ಶ್ರುಡೆ ಮತ್ತೆ ಕ್ಯೂರೆಟ್ ಹಿಡಿದರು. 1970ರ ದಶಕದ ನಡುವಿನಲ್ಲಿ ರೋಮಿನ ತಂದೆ–ಮಗ ಅರ್ಪಾದ್ ಮತ್ತು ಜಾರ್ಜಿಯೊ ಫಿಶರ್ ಅದಕ್ಕೆ ಹೀರುವ ಯಂತ್ರವನ್ನು ಜೋಡಿಸಿದರು. ಅವರ ಟೊಳ್ಳು ಕೊಳವೆಯೊಳಗೆ ಮೋಟಾರಿನಿಂದ ತಿರುಗುವ ಅಲಗಿತ್ತು. ಕೊಬ್ಬೇನೋ ಬರುತ್ತಿತ್ತು, ಆದರೆ ಅಲಗಿಗೆ ಕೊಬ್ಬು ಯಾವುದು, ರಕ್ತನಾಳ ಯಾವುದು ಎಂಬ ಭೇದ ತಿಳಿಯುತ್ತಿರಲಿಲ್ಲ. ಒಳಗೆ ರಕ್ತ ನಿಲ್ಲುವುದು, ನೀರು ತುಂಬಿಕೊಳ್ಳುವುದು ತಪ್ಪಲಿಲ್ಲ.

ತಿರುವು ಬಂದದ್ದು ಹರಿತವನ್ನು ಕೈಬಿಟ್ಟ ಮೇಲೆ. 1977ರಲ್ಲಿ ಪ್ಯಾರಿಸ್ಸಿನ ಈವ್–ಜೆರಾರ್ ಇಲ್ಲೂಜ್ ಅವರ ಬಳಿ ಬೆನ್ನಿನ ಮೇಲೆ ಕೊಬ್ಬಿನ ಗಡ್ಡೆಯಿದ್ದ ಯುವತಿಯೊಬ್ಬಳು ಬಂದಳು. ದೊಡ್ಡ ಕಲೆ ಉಳಿಯುವುದು ಅವಳಿಗೆ ಬೇಡವಾಗಿತ್ತು. ಇಲ್ಲೂಜ್ ಮೊಂಡು ತುದಿಯ ಕೊಳವೆಯೊಂದನ್ನು ತೂರಿಸಿ ಗಡ್ಡೆಯನ್ನು ಹೀರಿ ತೆಗೆದರು. ಮೊಂಡು ತುದಿ ತಾಗಿದರೆ ರಕ್ತನಾಳ, ನರಗಳು ಪಕ್ಕಕ್ಕೆ ಸರಿದುಕೊಳ್ಳುತ್ತವೆ, ಮೆತ್ತನೆಯ ಕೊಬ್ಬು ಮಾತ್ರ ಸಡಿಲಗೊಂಡು ಕೊಳವೆಗೆ ಬರುತ್ತದೆ. ಇಷ್ಟು ಸರಳವಾದ ಸಂಗತಿ ಹೊಳೆಯಲು ಅರ್ಧ ಶತಮಾನವೇ ಹಿಡಿಯಿತು! ಅವರ ಸಮಕಾಲೀನ ಪಿಯೆರ್ ಫೂರ್ನಿಯೆ ಈ ವಿದ್ಯೆಯನ್ನು ದೇಶದೇಶಗಳ ವೈದ್ಯರಿಗೆ ಕಲಿಸಿದರು. 1980ರ ದಶಕದ ಆರಂಭದಲ್ಲಿ ಅದು ಅಮೆರಿಕ ತಲುಪಿತು.

ಉಳಿದಿದ್ದ ತೊಡಕು ರಕ್ತದ್ದು. ದ್ರಾವಣ ತುಂಬಿಸದೆ ನೇರವಾಗಿ ಹೀರುವ ಒಣ ವಿಧಾನದಲ್ಲಿ ತೆಗೆದುದರ ಐದನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ರಕ್ತವೇ ಆಗಿರುತ್ತಿತ್ತು. ರೋಗಿಗೆ ರಕ್ತ ಕೊಡಬೇಕಾಗುತ್ತಿತ್ತು. ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಪ್ರಕಟಿಸಿದ ಟ್ಯೂಮೆಸೆಂಟ್ ವಿಧಾನ ಇದನ್ನು ಬಗೆಹರಿಸಿತು. ಲೀಟರುಗಟ್ಟಲೆ ಸಲೈನಿಗೆ ತೀರ ತೆಳುವಾಗಿ ಲಿಡೋಕೇನ್ ಅರಿವಳಿಕೆಯನ್ನೂ ಎಪಿನೆಫ್ರಿನ್ನನ್ನೂ ಬೆರೆಸಿ ಕೊಬ್ಬಿನ ಪದರಕ್ಕೆ ತುಂಬಿಸುವುದು ಇದರ ಕ್ರಮ. ಎಪಿನೆಫ್ರಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ರಕ್ತಸ್ರಾವ ಶೇ. 1ರ ಆಸುಪಾಸಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಲಿಡೋಕೇನಿನ ಮಿತಿ ದೇಹತೂಕದ ಕಿಲೋಗೆ 7 ಮಿಲಿಗ್ರಾಂ. ಈ ವಿಧಾನದಲ್ಲಿ 35 ಮಿಲಿಗ್ರಾಂವರೆಗೂ ತಡೆದೀತೆಂದು ಕ್ಲೈನ್ 1990ರಲ್ಲಿ ತೋರಿಸಿದರು. ಔಷಧ ನಿಧಾನವಾಗಿ ರಕ್ತಕ್ಕೆ ಸೇರುವುದೇ ಇದಕ್ಕೆ ಕಾರಣ. ಆದರೆ ರಕ್ತದಲ್ಲಿ ಅದರ ಪ್ರಮಾಣ ತುತ್ತತುದಿ ಮುಟ್ಟುವುದು ಸುಮಾರು 12 ಗಂಟೆಗಳ ನಂತರ, ಎಂದರೆ ಎಷ್ಟೋ ಸಲ ರೋಗಿ ಮನೆಗೆ ಹೋಗಿ ಮಲಗಿದ ಮೇಲೆ. ಅಲ್ಟ್ರಾಸೌಂಡ್, ಲೇಸರ್, ಕಂಪಿಸುವ ಕೊಳವೆಗಳು ಆಮೇಲೆ ಬಂದವು. ಜಾಹೀರಾತಿನಲ್ಲಿ ಇವುಗಳದೇ ಅಬ್ಬರವಾದರೂ ಅಡಿಪಾಯ ಇಂದಿಗೂ ಇಲ್ಲೂಜ್ ಮತ್ತು ಕ್ಲೈನ್ ಹಾಕಿಕೊಟ್ಟದ್ದೇ.

ಚಿಕಿತ್ಸೆಯ ದಿನ ವೈದ್ಯರು ರೋಗಿಯನ್ನು ನಿಲ್ಲಿಸಿ ಮಾರ್ಕರ್ ಪೆನ್ನಿನಿಂದ ಉಬ್ಬುತಗ್ಗುಗಳನ್ನು ಗುರುತು ಮಾಡುತ್ತಾರೆ. ಮಲಗಿದರೆ ಕೊಬ್ಬು ಜಾಗ ಬದಲಿಸುತ್ತದೆ. ಕೆಲವೇ ಮಿಲಿಮೀಟರಿನ ರಂಧ್ರ ಮಾಡಿ ದ್ರಾವಣ ತುಂಬಿದಾಗ ಚರ್ಮ ಬಿಗಿದು ಬಿಳಿಚಿಕೊಳ್ಳುತ್ತದೆ. ಕೊಳವೆಯನ್ನು ಹಿಂದೆ ಮುಂದೆ ಆಡಿಸಿದಂತೆ ಜಾಡಿಗೆ ಇಳಿದದ್ದು ಸ್ವಲ್ಪ ಹೊತ್ತಿನಲ್ಲೇ ಎರಡಾಗುತ್ತದೆ: ಮೇಲೆ ಬೆಣ್ಣೆಯಂಥ ಹಳದಿ ಕೊಬ್ಬು, ಕೆಳಗೆ ಕೆಂಪು ನೀರು. ಮೊದಲ ಒಂದೆರಡು ದಿನ ರಂಧ್ರಗಳಿಂದ ನಸುಗೆಂಪು ದ್ರವ ಸೋರಿ ಹಾಸಿಗೆ ಒದ್ದೆಯಾಗುವುದು ಸಹಜ. ಬಿಗಿಯುಡುಪನ್ನು ವಾರಗಟ್ಟಲೆ ಧರಿಸಬೇಕು. ಊತ, ಕಂದುಗಟ್ಟಿದ ಕಲೆ, ಜೋಮು ಮೆಲ್ಲಗೆ ಇಳಿಯುತ್ತವೆ. ನಿಜವಾದ ಆಕಾರ ಕಾಣಲು ಮೂರರಿಂದ ಆರು ತಿಂಗಳು ಬೇಕು. ಚರ್ಮ ಸಡಿಲವಿದ್ದವರಿಗೆ ಜೋಲು ಉಳಿಯಬಹುದು, ಕೆಲವರಿಗೆ ಮೈ ಏರುಪೇರಾಗಿ ಕಾಣಬಹುದು.

ಅಪಾಯ ಅಪರೂಪವಾದರೂ ಸಣ್ಣದಲ್ಲ. 2000ದಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯೊಂದರಲ್ಲಿ ಸುಮಾರು 5,000ಕ್ಕೆ ಒಂದು ಸಾವು ಕಂಡುಬಂದಿತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ನುಗ್ಗುವುದು ಮುಖ್ಯ ಕಾರಣವಾಗಿತ್ತು. ಒಂದೇ ಸಲಕ್ಕೆ 5 ಲೀಟರಿಗಿಂತ ಹೆಚ್ಚು ತೆಗೆದರೆ ರಾತ್ರಿಯಿಡೀ ಆಸ್ಪತ್ರೆಯಲ್ಲೇ ನಿಗಾ ಇರಬೇಕೆಂಬುದು ಈಗಿನ ರೂಢಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ದಾಖಲಾಗಿದ್ದ ಯುವ ಕಿರುತೆರೆ ನಟಿಯ ಸಾವು ಕರ್ನಾಟಕದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯಿತು.

ಆರೋಗ್ಯಕ್ಕೆ ಲಾಭವಿದೆಯೇ ಎಂಬುದನ್ನು ಸೇಂಟ್ ಲೂಯಿಸ್‌ನ ಸ್ಯಾಮ್ಯುಯೆಲ್ ಕ್ಲೈನ್ ತಂಡ 2004ರಲ್ಲಿ ಪರೀಕ್ಷಿಸಿತು. ಬೊಜ್ಜಿದ್ದ 15 ಮಹಿಳೆಯರ ಹೊಟ್ಟೆಯಿಂದ ಭಾರಿ ಪ್ರಮಾಣದಲ್ಲಿ ಕೊಬ್ಬು ತೆಗೆದರೂ ರಕ್ತದೊತ್ತಡವಾಗಲಿ ಇನ್ಸುಲಿನ್ನಿಗೆ ದೇಹದ ಸ್ಪಂದನವಾಗಲಿ ಸುಧಾರಿಸಲಿಲ್ಲ. ತೊಡೆಯಿಂದ ತೆಗೆಸಿಕೊಂಡವರಲ್ಲಿ ವರ್ಷ ತುಂಬುವಷ್ಟರಲ್ಲಿ ಕೊಬ್ಬು ಮರಳಿ ಬಂದು ಹೊಟ್ಟೆಯ ಕಡೆ ಕೂತದ್ದನ್ನು ಕೊಲರಾಡೊದ ಸಂಶೋಧಕರು 2011ರಲ್ಲಿ ವರದಿ ಮಾಡಿದರು.

ನಿಜಕ್ಕೂ ಔಷಧದಂತೆ ನೆರವಾಗುವುದು ಲೈಪೆಡೀಮಾ ಇರುವವರಿಗೆ. ಹೆಚ್ಚಾಗಿ ಹೆಂಗಸರಲ್ಲೇ ಕಾಣುವ ಈ ಕಾಯಿಲೆಯಲ್ಲಿ ಎರಡೂ ಕಾಲುಗಳಲ್ಲಿ ನೋವು ತರುವ ಕೊಬ್ಬು ಶೇಖರವಾಗುತ್ತದೆ, ಉಪವಾಸದಿಂದ ಕರಗುವುದಿಲ್ಲ. ಇದರ ತೀವ್ರ ಹಂತಕ್ಕೆ ಲೈಪೋಸಕ್ಷನ್ ಮಾಡಿಸುವ ವೆಚ್ಚವನ್ನು ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ 2020ರಿಂದ ಭರಿಸುತ್ತಿದೆ.