ಗಿಳಿಗೂಟದಿಂದ ಜಿಪ್ಸಮ್ ಬೋರ್ಡ್‌ವರೆಗೆ: ಗೋಡೆಗೆ ನೇತುಹಾಕಿದ ಇತಿಹಾಸ

ಭಾಗ 1/6: ಬಿದ್ದ ಫೋಟೊ

ಮೊದಲ ಸ್ಲೈಡ್‌ನಲ್ಲಿ ಇರೋದು ನಮ್ಮ ಅಜ್ಜನ ಫೋಟೊ. ಫ್ರೇಮ್ ಇದೆ, ಗಾಜಿಲ್ಲ. ಗಾಜು ಒಡೆದಿದ್ದು ಹೋದ ತಿಂಗಳು. ಕಾರಣ ನಾನೇ.

ಕಾರವಾರದಲ್ಲಿ ನಾವಿರೋದು ಬಾಡಿಗೆ ಮನೆ. ಒಂದು ದೊಡ್ಡ ಹಾಲ್‌ಗೆ ನಡುವೆ ಜಿಪ್ಸಮ್ ಬೋರ್ಡ್ ನಿಲ್ಲಿಸಿ ಎರಡು ಕೋಣೆ ಮಾಡಿದ್ದಾರೆ. ಅಂಕೋಲೆಯ ಹಳೇ ಮನೆ ಪಾಲಾಗಿ, ಅದನ್ನ ಕೆಡವಿದ ಮೇಲೆ ಅಜ್ಜಿ ಇಲ್ಲಿಗೆ ಬಂದಳು. ಬಟ್ಟೆಬರೆ ಬಿಟ್ರೆ ಅವಳು ಹಟ ಹಿಡಿದು ತಂದಿದ್ದು ಎರಡೇ ವಸ್ತು: ಅಜ್ಜನ ಫೋಟೊ ಮತ್ತು ಒಂದು ಗಿಳಿಗೂಟ.

ಫೋಟೊ ಹಾಕೋಕೆ ನಾನು ಎರಡಿಂಚಿನ ಮೊಳೆ ತಗೊಂಡು ಸುತ್ತಿಗೆಯಲ್ಲಿ ಹೊಡೆದೆ. ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಯ್ತು. "ನೋಡು, ಎರಡೇ ಏಟು" ಅಂತ ಅಮ್ಮನ ಹತ್ತಿರ ಜಂಬ ಬೇರೆ ಕೊಚ್ಚಿಕೊಂಡೆ. ಮೂರನೇ ರಾತ್ರಿ ಫೋಟೊ ಕೆಳಗೆ ಬಿತ್ತು.

ಅಜ್ಜಿ ಬೈಲಿಲ್ಲ. ಗಾಜು ಗುಡಿಸಿ, ಗೋಡೆಗೆ ಒಂದು ಸಲ ಬೆರಳಲ್ಲಿ ಕುಟ್ಟಿ ನೋಡಿ ಹೇಳಿದಳು: "ಇದು ಗೋಡೆ ಅಲ್ಲ ಮಗಾ, ರಟ್ಟು."

ಆಮೇಲೆ ಓದಿ ನೋಡಿದ್ರೆ ಅಜ್ಜಿ ಹೇಳಿದ್ದು ಸುಮಾರು ಸರಿಯೇ ಇತ್ತು.

ಭಾಗ 2/6: ಗೂಟದ ಕಾಲ

ನಮ್ಮ ಕಡೆಯ ಹಳೇ ಮನೆಗಳ ಗೋಡೆ ಮಣ್ಣಿನದು, ಇಲ್ಲಾಂದ್ರೆ ಚಿರೆಕಲ್ಲಿನದು. ಚಿರೆಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಈ ಮನುಷ್ಯ ನಮ್ಮ ಅಂಕೋಲೆಗೂ ಬಂದಿದ್ದ. ನೆಲದಿಂದ ತೆಗೆಯುವಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುವ ಈ ಕಲ್ಲನ್ನ ಮಲಬಾರಿನಲ್ಲಿ ನೋಡಿ 1807ರ ತನ್ನ ಪುಸ್ತಕದಲ್ಲಿ ಬರೆದ. ಲ್ಯಾಟಿನ್‌ನಲ್ಲಿ 'ಲೇಟರ್' ಅಂದ್ರೆ ಇಟ್ಟಿಗೆ.

ಈ ಕಲ್ಲಿನ ತುಂಬಾ ಸಣ್ಣ ಸಣ್ಣ ತೂತು. ಮೊಳೆ ಹೊಡೆದ್ರೆ ಚೂರು ಉದುರುತ್ತೆ. ಮಣ್ಣಿನ ಗೋಡೆಯಲ್ಲಿ ಮೊಳೆ ಇವತ್ತು ಹೋಗುತ್ತೆ, ನಾಳೆ ಬರುತ್ತೆ. ಅದಕ್ಕೇ ಹಿಂದಿನವರು ಗೋಡೆ ಕಟ್ಟಿದ ಮೇಲೆ ಹೊಡೀತಾ ಕೂರಲಿಲ್ಲ. ಗೋಡೆ ಎಬ್ಬಿಸುವಾಗಲೇ ಸಾಲಿನ ನಡುವೆ ಮರದ ಗೂಟ ಇಟ್ಟುಬಿಡ್ತಿದ್ರು. ಹೊರಗೆ ಕಾಣೋದು ನಾಲ್ಕು ಬೆರಳು, ಒಳಗೆ ಒಂದು ಗೇಣು. ಮೇಲಿನ ಗೋಡೆಯ ಭಾರವೇ ಗೂಟವನ್ನ ಒತ್ತಿ ಹಿಡಿಯೋದು. ಮುಂದಿನ ತುದಿಯನ್ನ ಗಿಳಿಯ ಹಾಗೆ ಕೆತ್ತಿದ್ರೆ ಅದು ಗಿಳಿಗೂಟ. ಅಂಗಿ, ಕೊಡೆ, ಚೀಲ ಎಲ್ಲ ಅದಕ್ಕೇ. ಇನ್ನು ಹಾಲು ಮೊಸರಿನ ಗಡಿಗೆ ಗೋಡೆಗೆ ಅಲ್ಲ, ಮೇಲಿನ ಜಂತಿಗೆ ಕಟ್ಟಿದ ನೆಲುವಿಗೆ.

ಒಂದೇ ತೊಂದರೆ: ಯಾವುದು ಎಲ್ಲಿ ನೇತಾಡಬೇಕು ಅನ್ನೋದನ್ನ ಮನೆ ಕಟ್ಟುವ ಮೊದಲೇ ಯೋಚಿಸಬೇಕು. ಒಮ್ಮೆ ಇಟ್ಟ ಗೂಟ ಕದಲಲ್ಲ. 'ಗೂಟ ಹೊಡ್ಕೊಂಡು ಕೂತಿದ್ದಾನೆ' ಅಂತ ನಾವು ಬೈಯೋದು ಸುಮ್ನೆ ಅಲ್ಲ.

ಭಾಗ 3/6: ರಾವಲ್ ಯಾರು?

ಕರೆಂಟ್ ಬಂದ ಮೇಲೆ ಕಥೆ ಬದಲಾಯ್ತು. ಸ್ವಿಚ್‌ಬೋರ್ಡ್, ವೈರಿನ ಪಟ್ಟಿ, ಬಲ್ಬಿನ ಹೋಲ್ಡರ್ ಎಲ್ಲವನ್ನೂ ಕಟ್ಟಿ ಮುಗಿದ ಗೋಡೆಗೇ ಕೂರಿಸಬೇಕು. ಉಳಿಯಿಂದ ಗೋಡೆ ಕೆತ್ತಿ, ತೂತಿಗೆ ಮರದ ತುಂಡು ತುರುಕಿ, ಆ ಮರಕ್ಕೆ ಸ್ಕ್ರೂ ಹಾಕೋದು. ಸ್ಕ್ರೂ ಅರ್ಧ ಇಂಚು, ಅದಕ್ಕೆ ಗೋಡೆಯ ಗುಂಡಿ ಅಂಗೈ ಅಗಲ. ಮೇಲಾಗಿ ಮರ ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ, ಸಡಿಲ ಆಗುತ್ತೆ.

ಇದೇ ತಲೆನೋವು ಲಂಡನ್ನಿನಲ್ಲೂ ಇತ್ತು. ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆ ಹಾಳಾಗದ ಹಾಗೆ ಕರೆಂಟಿನ ಸಾಮಾನು ಕೂರಿಸುವ ಕೆಲಸ ಜಾನ್ ಜೋಸೆಫ್ ರಾಲಿಂಗ್ಸ್‌ಗೆ ಬಂತು. 1911ರ ಹೊತ್ತಿಗೆ ಅವನು ಒಂದು ಉಪಾಯ ಹುಡುಕಿದ: ಸೆಣಬಿನ ನಾರನ್ನ ಅಂಟಿನಲ್ಲಿ ಗಟ್ಟಿ ಮಾಡಿದ ಸಣ್ಣ ಕೊಳವೆ. ಆ ಅಂಟಿಗೆ ಪ್ರಾಣಿಗಳ ರಕ್ತವನ್ನೂ ಬಳಸ್ತಿದ್ರು! ಸಣ್ಣ ತೂತು ಕೊರೆದು ಕೊಳವೆ ತೂರಿಸಿ ಸ್ಕ್ರೂ ತಿರುಗಿಸಿದ್ರೆ ಅದು ಹಿಗ್ಗಿ ಗೋಡೆಯನ್ನ ಸುತ್ತಲೂ ಒತ್ತುತ್ತೆ. ಆ ಒತ್ತಡವೇ ಹಿಡಿತ.

ಅವನ ಹೆಸರಿಂದಲೇ ರಾಲ್‌ಪ್ಲಗ್. ನಮ್ಮ ಹಾರ್ಡ್‌ವೇರ್ ಅಂಗಡಿಗಳ ಬಾಯಲ್ಲಿ ಅದು 'ರಾವಲ್ ಪ್ಲಗ್'. ಸತ್ಯ ಹೇಳ್ತೀನಿ, ಇಷ್ಟು ದಿನ ನಾನು ರಾವಲ್ ಅಂದ್ರೆ ಯಾರೋ ಗುಜರಾತಿ ಸೇಠ್ ಅಂದುಕೊಂಡಿದ್ದೆ.

ಭಾಗ 4/6: ಫ್ಲ್ಯಾಶ್ ಮಾಡಿದವನೇ ಪ್ಲಗ್ ಮಾಡಿದ

ದಿನಾ ಇಲ್ಲಿ ಫೋಟೊ ಹಾಕುವ ನಮಗೆ ಈ ಭಾಗ ಗೊತ್ತಿರಲೇಬೇಕು. ಜರ್ಮನಿಯ ಆರ್ಟುರ್ ಫಿಶರ್ ಬೀಗದ ಕೆಲಸ ಕಲಿತವನು. ಪುಟ್ಟ ಮಗಳ ಫೋಟೊ ಮನೆಯೊಳಗೆ ತೆಗೆಸಬೇಕು ಅಂದ್ರೆ ಆಗ ಬೆಳಕಿಗೆ ಪುಡಿ ಉರಿಸಬೇಕಿತ್ತು, ಅದು ಅಪಾಯ. 1949ರಲ್ಲಿ ಅವನು ಕ್ಯಾಮೆರಾದ ಶಟರ್ ಜೊತೆಗೇ ಬೆಳಗುವ ಫ್ಲ್ಯಾಶ್ ಮಾಡಿದ.

ಅದೇ ಫಿಶರ್ 1958ರಲ್ಲಿ ನೈಲಾನ್ ಪ್ಲಗ್ ತಂದ. ನೈಲಾನ್ ಕೊಳೆಯಲ್ಲ, ತುಕ್ಕು ಹಿಡಿಯಲ್ಲ. ಪ್ಲಗ್ಗಿನ ಮೈಯಲ್ಲಿ ಹಲ್ಲು, ನಡುವೆ ಸೀಳು. ಸ್ಕ್ರೂ ಹೋದ ಹಾಗೆ ಎರಡು ಬದಿ ಅಗಲ ಆಗುತ್ತೆ. 2016ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವನ ಹೆಸರಲ್ಲಿ ಸಾವಿರಕ್ಕೂ ಹೆಚ್ಚು ಪೇಟೆಂಟ್ ಇದ್ದವು.

ಇಲ್ಲಿಗೆ ಗಟ್ಟಿ ಗೋಡೆಯ ಸಮಸ್ಯೆ ಮುಗೀತು. ಆದ್ರೆ ಅಷ್ಟರಲ್ಲಿ ಗೋಡೆಯೇ ಬದಲಾಗಿತ್ತು.

ಭಾಗ 5/6: ರಟ್ಟಿನ ಗೋಡೆ

1894ರಲ್ಲಿ ಅಮೆರಿಕದ ಅಗಸ್ಟಿನ್ ಸ್ಯಾಕೆಟ್ ಕಾಗದ ಮತ್ತು ಪ್ಲಾಸ್ಟರನ್ನ ಪದರ ಪದರವಾಗಿ ಸೇರಿಸಿದ ಹಲಗೆಗೆ ಪೇಟೆಂಟ್ ಪಡೆದ. ಅದರ ಮೊಮ್ಮಗನೇ ಇವತ್ತಿನ ಜಿಪ್ಸಮ್ ಬೋರ್ಡ್: ಎರಡು ಗಟ್ಟಿ ಕಾಗದದ ನಡುವೆ ಜಿಪ್ಸಮ್. ಅಜ್ಜಿ 'ರಟ್ಟು' ಅಂದಿದ್ದು ಇದಕ್ಕೇ.

ಬೋರ್ಡನ್ನ ಪೂರ್ತಿ ಬೈಯೋ ಹಾಗೂ ಇಲ್ಲ. ಜಿಪ್ಸಮ್ಮಿನ ತೂಕದಲ್ಲಿ ಐದನೇ ಒಂದು ಭಾಗ ನೀರೇ. ಬೆಂಕಿ ತಾಗಿದ್ರೆ ಆ ನೀರು ಆವಿಯಾಗಿ ಹೋಗೋವರೆಗೂ ಬೋರ್ಡ್ ತಡೀತದೆ. ಬೇಗ ನಿಲ್ಲಿಸಬಹುದು, ಬೇಗ ತೆಗೀಬಹುದು.

ಆದ್ರೆ ದಪ್ಪ ಸಾಮಾನ್ಯವಾಗಿ 12.5 ಮಿಲಿಮೀಟರ್. ಹಿಂದೆ ಖಾಲಿ. ರಾವಲ್ ಪ್ಲಗ್ ಹಿಗ್ಗಿ ಒತ್ತಿದ್ರೆ ಜಿಪ್ಸಮ್ ಪುಡಿ ಆಗುತ್ತೆ. ನನ್ನ ಮೊಳೆಗೆ ಹಿಡಿಯೋಕೆ ಸಿಕ್ಕಿದ್ದು ಅರ್ಧ ಇಂಚು ಪುಡಿ, ಉಳಿದ ಒಂದೂವರೆ ಇಂಚು ಗಾಳಿಯಲ್ಲಿತ್ತು. ಹಳೇ ಕಾಲದಲ್ಲಿ ಗೂಟವನ್ನ ಹಿಡಿಯೋ ಕೆಲಸ ಗೋಡೆಯದು. ಈಗ ಗೋಡೆಯನ್ನ ಹಿಡಿಯೋ ಕೆಲಸ ಪ್ಲಗ್ಗಿನದು.

ಭಾಗ 6/6: ಕೊನೆಗೆ ಏನಾಯ್ತು

ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಅಣ್ಣ ಬಂದು ಮೊದಲು ಮಾಡಿದ್ದು ಅಜ್ಜಿ ಮಾಡಿದ್ದನ್ನೇ, ಗೋಡೆ ಕುಟ್ಟಿದ್ದು. ಅವನು ಕಲಿಸಿದ್ದು ನಿಮಗೂ ಬೇಕಾಗಬಹುದು, ಸೇವ್ ಮಾಡ್ಕೊಳ್ಳಿ:

1. ಬೋರ್ಡಿನ ಹಿಂದೆ ತಗಡಿನ ಚಾನೆಲ್ ಇರುತ್ತೆ, ಹೆಚ್ಚಾಗಿ ಎರಡು ಅಡಿಗೊಂದು. ಕುಟ್ಟಿದಾಗ ಡಬಡಬ ಅನ್ನದ ಜಾಗ ಅದು. ಸಣ್ಣ ಅಯಸ್ಕಾಂತ ಜಾರಿಸಿದ್ರೂ ಗೊತ್ತಾಗುತ್ತೆ. ಭಾರದ ವಸ್ತುವಿನ ಸ್ಕ್ರೂ ಚಾನೆಲ್ಲಿಗೇ ಹೋಗಬೇಕು.

2. ಚಾನೆಲ್ ಸಿಗದಿದ್ರೆ, ಹಗುರ ಕ್ಯಾಲೆಂಡರ್, ಸಣ್ಣ ಫ್ರೇಮ್‌ಗೆ ದಪ್ಪ ಸುರುಳಿಯ ಡ್ರೈವಾಲ್ ಪ್ಲಗ್ ಸಾಕು. ಸ್ವಲ್ಪ ಭಾರ ಇದ್ರೆ ಹಿಂದೆ ಹೋಗಿ ರೆಕ್ಕೆ ಬಿಚ್ಚುವ ಬಟರ್‌ಫ್ಲೈ ಪ್ಲಗ್. ಎಷ್ಟು ಕಿಲೋ ಅಂತ ಪ್ಯಾಕೆಟ್ ಓದಿ, ಅದರ ಅರ್ಧ ಮಾತ್ರ ನಂಬಿ.

3. ಫೋಟೊ ಕೆಳಕ್ಕೆ ಎಳೆಯುತ್ತೆ. ಶೆಲ್ಫ್ ಹೊರಕ್ಕೆ ಕೀಳುತ್ತೆ. ಅದೇ ತೂಕದ ಫೋಟೊ ನಿಂತ ಜಾಗದಲ್ಲಿ ಪುಸ್ತಕದ ಶೆಲ್ಫ್ ನಿಲ್ಲಲ್ಲ.

4. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಕೊರೀಬೇಡಿ. ಒಳಗೆ ವೈರ್ ಇರುತ್ತೆ.

5. ನಮ್ಮದು ಸಮುದ್ರದ ಗಾಳಿ, ಸ್ಟೇನ್‌ಲೆಸ್ ಸ್ಕ್ರೂ ತಗೊಳ್ಳಿ. ಮಳೆಗಾಲದಲ್ಲಿ ಒದ್ದೆಯಾಗಿ ಮೆತ್ತಗಾದ ಬೋರ್ಡಿಗೆ ಏನೂ ಹಾಕಬೇಡಿ.

ಅಜ್ಜನ ಫೋಟೊ ಈಗ ಚಾನೆಲ್ಲಿನ ಮೇಲಿದೆ. ಗಾಜು ಮುಂದಿನ ವಾರ.

ಗಿಳಿಗೂಟ ಮಾತ್ರ ಆಗಲಿಲ್ಲ. ಅದರ ಹಿಂದಿನ ಗೇಣುದ್ದದ ಮರ ಕೊಯ್ದು ಹಲಗೆಗೆ ಕೂರಿಸಿದ್ರೆ ಹಾಕಬಹುದು ಅಂದ ಅಣ್ಣ. ಅಜ್ಜಿ ಅದನ್ನ ಕೈಯಿಂದ ಇಸಗೊಂಡಳು. "ಕೊಯ್ಯೋದು ಬೇಡ. ನೀನು ಮನೆ ಕಟ್ಟುವಾಗ ಗೋಡೆ ಸೊಂಟದ ಮಟ್ಟ ದಾಟಿದ ಮೇಲೆ ಮೇಸ್ತ್ರಿ ಕೈಗೆ ಕೊಡು" ಅಂದು ಟ್ರಂಕಿನಲ್ಲಿ ಇಟ್ಟಳು.

ಕೊನೆಯ ಸ್ಲೈಡ್ ಅದೇ. ಬಾಲದ ತುದಿಯಲ್ಲಿ ಅಂಟಿರೋದು ಅಂಕೋಲೆಯ ಗೋಡೆಯ ಮಣ್ಣು. ತೊಳೆದಿಲ್ಲ.

ನಿಮ್ಮನೆಯಲ್ಲಿ ಗಿಳಿಗೂಟ ಇದೆಯಾ? ಮನೆ ಕೆಡವೋ ಮೊದಲು ಒಂದು ಫೋಟೊ ತೆಗೆದು ಕಳಿಸಿ.

#ಗಿಳಿಗೂಟ #ಅಂಕೋಲೆ #ಕಾರವಾರ #ಸಣ್ಣವಸ್ತುದೊಡ್ಡಕಥೆ