ಮೂರು ಪ್ಲಸ್ ಎರಡು, ನಾಲ್ಕು ಪ್ಲಸ್ ಒಂದು

2024ರ ಮಳೆಗಾಲದಲ್ಲಿ ಕೋಣಂದೂರಿನಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ಲು. ಹಿಂದೆ ಮಳೆ ಶಬ್ದ. ಅದಕ್ಕಿಂತ ಜೋರಾಗಿ ಚಿಕ್ಕಪ್ಪನ ಗೊಣಗಾಟ, ಅಡಿಕೆಗೆ ಔಷಧಿ ಹೊಡೆಯೋಕೆ ಒಂದು ದಿನ ಬಿಸಿಲಿಲ್ಲ ಅಂತ.

"ಅಣ್ಣಾ, ನಾಲ್ಕನೇ ವರ್ಷ ಓದ್ಲಾ, ಮೂರಕ್ಕೇ ಬಿಡ್ಲಾ? ಎಂತ ಮಾಡೋದು ಹೇಳು."

ಅವಳದ್ದು ಬಿ.ಎಸ್ಸಿ. 2021ರಲ್ಲಿ ರಾಜ್ಯಕ್ಕೆ ಹೊಸ ಶಿಕ್ಷಣ ನೀತಿ ಬಂದಾಗ ಸೇರಿದ ಮೊದಲ ಬ್ಯಾಚು. ಮೂರು ವರ್ಷ ಓದಿದರೆ ಡಿಗ್ರಿ, ನಾಲ್ಕು ಓದಿದರೆ ಆನರ್ಸ್, ಆನರ್ಸ್ ಆದವರಿಗೆ ಎಂ.ಎಸ್ಸಿ. ಒಂದೇ ವರ್ಷ ಅಂತ ಲೆಕ್ಕ. 2024ರ ಮೇ ತಿಂಗಳಲ್ಲಿ ಸರ್ಕಾರ ಹೊಸಬರಿಗೆ ಮತ್ತೆ ಮೂರು ವರ್ಷದ ಡಿಗ್ರಿಯನ್ನೇ ತಂದಿತು. ಮೊದಲೇ ಸೇರಿದವರಿಗೆ ನಾಲ್ಕನೇ ವರ್ಷದ ಆಯ್ಕೆ ಉಳಿಯಿತು. ಆದರೆ ಅವಳ ಕಾಲೇಜಿನಲ್ಲಿ ಆನರ್ಸ್ ಇಲ್ಲ. ಓದಬೇಕು ಅಂದರೆ ಶಿವಮೊಗ್ಗದಲ್ಲಿ ಹಾಸ್ಟೆಲ್ಲು.

ನಾನು ಬಿ.ಇ. ಮಾಡಿದವನು, ಈ ಆನರ್ಸು ಗೀನರ್ಸು ಹೊಸದು ಅಂದ್ಕೊಂಡಿದ್ದೆ. ನೋಡಿದರೆ ನಮ್ಮಜ್ಜನ ಕಾಲದ್ದು.

ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ. ನಮ್ಮ ತಾಲೂಕಿನ ಕುಪ್ಪಳಿಯ ಕುವೆಂಪು 1927ರಲ್ಲಿ ಬಿ.ಎ., 1929ರಲ್ಲಿ ಕನ್ನಡ ಎಂ.ಎ. ಮುಗಿಸಿದರು. ಉಳಿದುಕೊಳ್ಳೋಕೆ ರಾಮಕೃಷ್ಣಾಶ್ರಮ ಸಿಕ್ಕಿತ್ತು. ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರ ಕತೆ ನಿಮ್ಮ ಮನೆಯ ಹಿರಿಯರ ಹತ್ತಿರವೂ ಇರಬಹುದು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆಗ ಇನ್ನೊಂದು ವರ್ಷ ಓದೋದು ಅಂದರೆ ಇನ್ನೊಂದು ವರ್ಷ ಏಳು ಮನೆ ಹುಡುಕೋದು.

ಆಮೇಲಿನ ಇಂಟರ್‌ಮೀಡಿಯೆಟ್ ಕಾಲಕ್ಕೆ ಎರಡು ದಾರಿ ಇದ್ದವು. ಪಾಸ್ ಬಿ.ಎ. ಎರಡು ವರ್ಷ, ಅದರ ಮೇಲೆ ಎಂ.ಎ. ಎರಡು. ಆನರ್ಸ್ ಆದರೆ ಮೂರು ವರ್ಷ, ಎಂ.ಎ. ಒಂದೇ. ಕೊನಗವಳ್ಳಿಯ ಲಂಕೇಶ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್ ಮಾಡಿ, ಎಂ.ಎ.ಗೆ ಮೈಸೂರಿನ ಮಹಾರಾಜಾ ಕಾಲೇಜಿಗೆ ಹೋದರು. ನಮ್ಮ ಕಡೆಯವರಿಗೆ ಆನರ್ಸ್ ಅಂದರೆ ಊರು ಬಿಡೋದೇ. ಶಿವಮೊಗ್ಗದಲ್ಲಿ 1940ರಲ್ಲಿ ಶುರುವಾಗಿದ್ದು ಬರೀ ಇಂಟರ್‌ಮೀಡಿಯೆಟ್ ಕಾಲೇಜು, ಅದೇ ಇವತ್ತಿನ ಸಹ್ಯಾದ್ರಿ.

ಈಗ ಕೂಡಿಸಿ ನೋಡಿ. ಎರಡು ಪ್ಲಸ್ ಎರಡು ನಾಲ್ಕು, ಮೂರು ಪ್ಲಸ್ ಒಂದೂ ನಾಲ್ಕು. ಇವತ್ತಿನದ್ದೂ ಅಷ್ಟೇ, ಯಾವ ಕಡೆಯಿಂದ ಕೂಡಿಸಿದರೂ ಐದು. "ಒಂದೇ ವರ್ಷದ ಮಾಸ್ಟರ್ಸ್" ಅಂತ ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಹಾಕ್ತಾರಲ್ಲ, ಅದರಲ್ಲಿ ಉಳಿಯೋದು ಏನೂ ಇಲ್ಲ. (ನಮ್ಮಲ್ಲೂ ಕೋಡನ್ನು ಈ ಫೈಲಿಂದ ಆ ಫೈಲಿಗೆ ಹಾಕಿ ಫಾಸ್ಟ್ ಆಯ್ತು ಅನ್ನೋರಿದ್ದಾರೆ.) ಬದಲಾಗೋದು ನಡುವಿನ ಬಾಗಿಲು ಎಲ್ಲಿದೆ ಅನ್ನೋದು ಮಾತ್ರ.

ಬೆಂಗಳೂರಿನ ಐಐಐಟಿ 2012ರಲ್ಲಿ ಶುರು ಮಾಡಿದ ಇಂಟಿಗ್ರೇಟೆಡ್ ಎಂ.ಟೆಕ್. ಬೇರೆ ತರ. ನಾಲ್ಕು ವರ್ಷದ ಇಂಜಿನಿಯರಿಂಗ್, ಎರಡು ವರ್ಷದ ಎಂ.ಟೆಕ್. ಸೇರಿ ಆರಾಗಬೇಕಾದ್ದು ಅಲ್ಲಿ ಐದು. ಅಲ್ಲಿ ನಿಜವಾಗಿ ಒಂದು ವರ್ಷ ಉಳೀತದೆ. ಆದರೆ ಹದಿನೆಂಟನೇ ವಯಸ್ಸಿಗೇ ಐದು ವರ್ಷಕ್ಕೆ ಹೂಂ ಅನ್ನಬೇಕು, ಐದು ವರ್ಷದ ಫೀಸಿಗೆ ಮನೆಯವರೂ ಹೂಂ ಅನ್ನಬೇಕು. 2011ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ತಂದ ನಾಲ್ಕು ವರ್ಷದ ಡಿಗ್ರಿ ನನಗೆ ಹೆಚ್ಚು ಇಷ್ಟ. ನಾಲ್ಕು ಮುಗಿದಾಗ ಡಿಗ್ರಿ ಕೈಲಿರ್ತದೆ, ಬೇಕಾದವರು ಐದನೇ ವರ್ಷ ಉಳಿದು ಮಾಸ್ಟರ್ಸ್ ಮಾಡಬಹುದು.

ಬಾಗಿಲು ಯಾಕೆ ಮುಖ್ಯ ಅಂದರೆ, ಶಿಕಾರಿಪುರದ ಜಿ.ಎಸ್. ಶಿವರುದ್ರಪ್ಪನವರನ್ನೇ ನೋಡಿ. ಬಿ.ಎ. 1949ರಲ್ಲಿ, ಎಂ.ಎ. 1953ರಲ್ಲಿ, ಅದೂ ಚಿನ್ನದ ಪದಕಗಳ ಜೊತೆ. ನಡುವೆ ನಾಲ್ಕು ವರ್ಷ. ಹಾಗೆ ಬಿಟ್ಟು ಮತ್ತೆ ಬರೋಕೆ ಮೊದಲನೇ ಡಿಗ್ರಿ ಕೈಯಲ್ಲಿರಬೇಕು.

ಇಷ್ಟನ್ನೂ ಫೋನಲ್ಲಿ ಹೇಳಿದೆ. ಅವಳು ಸುಮ್ಮನೆ ಕೇಳಿ, "ಹಂಗಾರೆ ಹ್ಯಾಗೆ ಹೋದ್ರೂ ಐದೇ ಅಲ್ವಾ ಅಣ್ಣಾ?" ಅಂದ್ಲು.

ಮೂರಕ್ಕೇ ನಿಲ್ಲಿಸಿದ್ಲು. ತೀರ್ಥಹಳ್ಳಿಯಲ್ಲಿ ಒಂದು ಕೆಲಸ ಹಿಡಿದು, ಮರುವರ್ಷ ಶಂಕರಘಟ್ಟಕ್ಕೆ ಎರಡು ವರ್ಷದ ಎಂ.ಎಸ್ಸಿ.ಗೆ ಅರ್ಜಿ ಹಾಕಿದ್ಲು. ಅರ್ಜಿ ಫೀಸು ಅವಳದ್ದೇ ದುಡ್ಡು. ಚಿಕ್ಕಪ್ಪ ಈ ಸಲ ಮಳೆ ಬಗ್ಗೆ ಮಾತ್ರ ಗೊಣಗಿದರು.