ದುಃಖಕ್ಕೆ ಹೆಗಲು ಕೊಡುವವರ ಖರ್ಚು ಯಾರದು?

ಸಾವಿನ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ. ಬಂಧುಗಳು, ನೆರೆಹೊರೆಯವರು ಸರದಿಯಂತೆ ಊಟ ತಂದಿಡುತ್ತಾರೆ. ನಮ್ಮ ಅನೇಕ ಮೊಹಲ್ಲಾಗಳಲ್ಲಿ ಇಂದಿಗೂ ಉಳಿದಿರುವ ಈ ರೂಢಿಯ ಬೇರು ಬಹಳ ಹಳೆಯದು. ಕ್ರಿ.ಶ. 629ರ ಮೂತಾ ಯುದ್ಧದಲ್ಲಿ ಜಾಫರ್ ಬಿನ್ ಅಬೀತಾಲಿಬ್ ಹುತಾತ್ಮರಾದಾಗ, ಅವರ ಮನೆಯವರಿಗಾಗಿ ಅಡುಗೆ ಮಾಡುವಂತೆ ಪ್ರವಾದಿಯವರು ಹೇಳಿದ್ದು ಹದೀಸ್‌ಗಳಲ್ಲಿ ದಾಖಲಾಗಿದೆ. ನಮ್ಮೂರುಗಳಲ್ಲಿ ಸೂತಕದ ಮನೆಗೆ ನೆರೆಮನೆಯ ಅನ್ನ ಹೋಗುವುದು ಬೇರೆ ಸಮುದಾಯಗಳಲ್ಲಿಯೂ ಉಂಟು.

ಈ ಸೇವೆಗೆ ಯಾರೂ ಬೆಲೆ ಕಟ್ಟಲಿಲ್ಲ. ಹಾಗೆಂದು ಅದು ಖರ್ಚಿಲ್ಲದ ಸೇವೆಯೇನೂ ಆಗಿರಲಿಲ್ಲ. ಅಕ್ಕಿ ಯಾರದೋ ಡಬ್ಬದಿಂದ ಬಂತು, ದುಡಿಮೆ ಯಾರೋ ಹೆಂಗಸರದ್ದಾಗಿತ್ತು. ಪುಕ್ಕಟೆ ಎಂಬುದು ಪಡೆಯುವವರ ಕಡೆಯ ಮಾತು. ಕೊಡುವವರ ಕಡೆಯಲ್ಲಿ ಅದಕ್ಕೊಂದು ಲೆಕ್ಕ ಇದ್ದೇ ಇರುತ್ತದೆ. ಅಲ್ಲದೆ ಈ ಏರ್ಪಾಡು ಮೂರು ದಿನಗಳದ್ದು. ವಿಧವೆಯ ಇದ್ದತ್ತೇ ನಾಲ್ಕು ತಿಂಗಳು ಹತ್ತು ದಿನ. ದುಃಖವಂತೂ ಪಂಚಾಂಗ ನೋಡಿಕೊಂಡು ಇಳಿಯುವಂಥದ್ದಲ್ಲ. ನಾಲ್ಕನೆಯ ದಿನದ ನಂತರ ಆ ಮನೆಯ ಬಾಗಿಲು ತಟ್ಟುವವರು ಯಾರು, ಅವರ ಖರ್ಚು ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಿದ ಕೆಲವು ಪ್ರಯತ್ನಗಳ ಇತಿಹಾಸವನ್ನು ನಾವಿಲ್ಲಿ ನೋಡೋಣ.

ನೆರೆಹೊರೆಯ ಹಿಡಿತ ಸಡಿಲವಾಗಿದ್ದ ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಮೊದಲೇ ಎದ್ದಿತು. 1959ರಲ್ಲಿ ಲಂಡನ್ ಸಮೀಪದ ರಿಚ್‌ಮಂಡ್‌ನಲ್ಲಿ ಮಾರ್ಗರೆಟ್ ಟೋರಿ ಎಂಬ ಮಹಿಳೆ, ಮನೋವೈದ್ಯರಾಗಿದ್ದ ತಮ್ಮ ಪತಿ ಆಲ್ಫ್ರೆಡ್ ಟೋರಿಯವರ ಜೊತೆಗೂಡಿ ವಿಧವೆಯರಿಗಾಗಿ ಒಂದು ಸಂಸ್ಥೆ ಕಟ್ಟಿದರು. ಅದರ ಹೆಸರು ಕ್ರೂಸ್. ಕ್ರೂಸ್ ಎಂದರೆ ಎಣ್ಣೆಯ ಕುಡಿಕೆ. ಬರಗಾಲದಲ್ಲಿ ತನ್ನಲ್ಲಿದ್ದ ಕೊನೆಯ ಹಿಡಿ ಹಿಟ್ಟಿನಲ್ಲೇ ಪ್ರವಾದಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟ ಬಡ ವಿಧವೆಯ ಮನೆಯಲ್ಲಿ ಎಣ್ಣೆ ಬರಿದಾಗಲೇ ಇಲ್ಲವೆಂಬ ಬೈಬಲ್ ಕಥೆಯಿಂದ ಬಂದ ಹೆಸರದು. ವಿಧವೆಯರು ಅಲ್ಲಿ ಒಂದೆಡೆ ಸೇರುತ್ತಿದ್ದರು, ಮಕ್ಕಳ ಮತ್ತು ಹಣದ ತೊಂದರೆಗಳಿಗೆ ಸಲಹೆ ಪಡೆಯುತ್ತಿದ್ದರು, ತಮ್ಮ ಸಂಕಟವನ್ನು ತಮ್ಮಂಥವರ ಮುಂದೆ ಹೇಳಿಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಈ ಬಾಗಿಲು ಹೆಂಡತಿಯನ್ನು ಕಳೆದುಕೊಂಡವರಿಗೂ ಮುಂದೆ ಎಲ್ಲ ಬಗೆಯ ಅಗಲಿಕೆ ಅನುಭವಿಸಿದವರಿಗೂ ತೆರೆಯಿತು.

ಕಥೆಯ ಕುಡಿಕೆ ಬರಿದಾಗಲಿಲ್ಲ. ಆದರೆ ಸಂಸ್ಥೆಯ ಕುಡಿಕೆಯನ್ನು ಪ್ರತಿವರ್ಷ ತುಂಬಿಸಲೇಬೇಕು. ದುಃಖಿತರ ಮಾತು ಕೇಳುವವರು ಸ್ವಯಂಸೇವಕರು, ಅವರಿಗೆ ಸಂಬಳವಿಲ್ಲ. ಆದರೆ ಅವರಿಗೆ ತರಬೇತಿ ಕೊಡಬೇಕು. ಇನ್ನೊಬ್ಬರ ಅಳಲನ್ನು ಕೇಳಿ ಕೇಳಿ ಅವರೇ ಕುಸಿಯದಂತೆ ನೋಡಿಕೊಳ್ಳುವ ಅನುಭವಿಗಳು ಬೇಕು. ಕೋಣೆಗೆ ಬಾಡಿಗೆ, ದೂರವಾಣಿಯ ಬಿಲ್ಲು, ಓಡಾಟದ ಖರ್ಚು ಇವೆಲ್ಲ ಇದ್ದದ್ದೇ. ಕ್ರೂಸ್ ಇದನ್ನು ಒಂದೇ ಮೂಲದಿಂದ ಭರಿಸಲಿಲ್ಲ. ಜನರ ದೇಣಿಗೆ, ಉಯಿಲಿನ ಮೂಲಕ ಬಿಟ್ಟುಹೋದ ಹಣ, ಸರಕಾರಿ ಅನುದಾನ ಇವುಗಳ ಜೊತೆಗೆ, ಕಚೇರಿ ಕಂಪೆನಿಗಳ ಸಿಬ್ಬಂದಿಗೆ ದುಃಖಿತರೊಡನೆ ನಡೆದುಕೊಳ್ಳುವ ಬಗೆಯನ್ನು ಕಲಿಸಿ ಶುಲ್ಕ ಪಡೆಯುವ ದಾರಿಯನ್ನೂ ಕಂಡುಕೊಂಡಿತು. ದುಡ್ಡಿದ್ದವರಿಗೆ ವಿದ್ಯೆ ಮಾರಿ, ದುಃಖದಲ್ಲಿದ್ದವರಿಗೆ ಸಾಂತ್ವನವನ್ನು ಉಚಿತವಾಗಿ ಕೊಡುವ ಉಪಾಯವಿದು.

ಸಾಂತ್ವನದ ಮಾತಿಗೆ ತರಬೇತಿ ಯಾಕೆ ಎಂದು ಕೇಳುವವರಿದ್ದಾರೆ. ಕ್ರೂಸ್‌ನೊಂದಿಗೆ ದೀರ್ಘಕಾಲದ ನಂಟಿದ್ದ ಮನೋವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್, 1980ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದೇ ವಿಷಯವನ್ನು ಪರಿಶೀಲಿಸಿದರು. ವೃತ್ತಿಪರರ ಸೇವೆಯಷ್ಟೇ ಅಲ್ಲ, ವೃತ್ತಿಪರರ ಬೆಂಬಲವಿರುವ ಸ್ವಯಂಸೇವಕರ ಸೇವೆಯೂ ಅಗಲಿಕೆಯಿಂದಾಗುವ ಅನಾರೋಗ್ಯದ ಅಪಾಯವನ್ನು ತಗ್ಗಿಸಬಲ್ಲದು ಎಂದು ಅವರು ಕಂಡುಕೊಂಡರು. ಈ ಬೆಂಬಲ ಎಂಬ ಮಾತನ್ನು ನಾವು ಗಮನಿಸಬೇಕು. ಖರ್ಚು ಬರುವುದು ಅಲ್ಲಿಯೇ. ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ಗೋಡೆಯ ಮೇಲೆ ಹೆಸರು ಉಳಿಯುತ್ತದೆ. ತರಬೇತಿಗೆ ಕೊಟ್ಟ ಹಣದ ಮೇಲೆ ಹೆಸರು ಕೆತ್ತಿಸಲಾಗದು.

ಆರು ದಶಕಗಳ ನಂತರವೂ ಅಲ್ಲಿ ಪ್ರಶ್ನೆ ಬಗೆಹರಿದಿಲ್ಲ. ಕೋವಿಡ್ ಸಾವುಗಳ ಬೆನ್ನಲ್ಲೇ ಆಗಿನ ಲಂಡನ್ ಬಿಷಪ್ ಸಾರಾ ಮುಲಾಲಿಯವರ ಅಧ್ಯಕ್ಷತೆಯಲ್ಲಿ ಬ್ರಿಟನ್ನಿನಲ್ಲೊಂದು ಆಯೋಗ ರಚನೆಯಾಯಿತು. ಆಪ್ತರನ್ನು ಕಳೆದುಕೊಂಡ ಸಾವಿರಕ್ಕೂ ಹೆಚ್ಚು ಮಂದಿಯ ಅಳಲು ಕೇಳಿ 2022ರಲ್ಲಿ ಅದು ವರದಿ ಕೊಟ್ಟಿತು. ಇಂಥ ಸೇವೆಗಳಿಗೆ ತಲಾ ಒಬ್ಬರಿಗೆ ವರ್ಷಕ್ಕೆ ಕನಿಷ್ಠ 79 ಪೆನ್ಸ್ ಖರ್ಚು ಮಾಡಿ ಎಂದು ಸರಕಾರಗಳನ್ನು ಕೇಳಿತು. ಒಂದು ಪೌಂಡೂ ಅಲ್ಲ! ಅಷ್ಟು ಶ್ರೀಮಂತ ದೇಶದಲ್ಲಿ ಇಷ್ಟನ್ನೂ ಆಯೋಗ ರಚಿಸಿ ಕೇಳಬೇಕಾಯಿತು. ಕಾರಣ ಕಷ್ಟವೇನಲ್ಲ. ದುಃಖದಲ್ಲಿರುವವರು ಮೆರವಣಿಗೆ ಹೊರಡುವುದಿಲ್ಲ, ಮನವಿಪತ್ರ ಹಿಡಿದು ಮಂತ್ರಿಗಳ ಬಾಗಿಲಲ್ಲಿ ನಿಲ್ಲುವುದಿಲ್ಲ.

ಇಂಗ್ಲೆಂಡಿನಷ್ಟು ದೂರ ಹೋಗದೆಯೂ ನಾವು ಕಲಿಯಬಹುದಾದ ಪಾಠವೊಂದು ನೆರೆಯ ಕೇರಳದಲ್ಲಿದೆ. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಗುಣವಾಗದ ರೋಗಿಗಳ ನೋವು ಶಮನಕ್ಕಾಗಿ ಸಂಸ್ಥೆಯೊಂದನ್ನು ಆರಂಭಿಸಿದರು. ಆಸ್ಪತ್ರೆಗೆ ಬರಲಾಗದವರ ಬಳಿಗೆ ತಾವೇ ಹೋಗಬೇಕೆಂಬ ಅರಿವಿನಿಂದ, ಹೊಸ ಶತಮಾನದ ಆರಂಭದಲ್ಲಿ ಮಲಪ್ಪುರಂ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ನೆರೆಹೊರೆಯವರ ಜಾಲವೊಂದು ಹಬ್ಬಿತು. ವಾರಕ್ಕೆ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲ ಯಾರಾದರೂ ಸರಿ, ತರಬೇತಿ ಪಡೆದು ಮನೆಮನೆಗೆ ಹೋಗಬಹುದಿತ್ತು.

ಈ ಜಾಲದ ಮುಖ್ಯ ಬಲ ಊರಿನವರ ಸಣ್ಣ ಕಾಣಿಕೆ. ದೊಡ್ಡ ದಾನಿಯನ್ನು ಕಾಯದೆ, ತಿಂಗಳಿಗೆ ಐದು, ಹತ್ತು ರೂಪಾಯಿಯಷ್ಟು ಕೊಡುವವರನ್ನೇ ಅದು ಹುಡುಕಿತು. ಒಬ್ಬ ದೊಡ್ಡ ದಾನಿ ಮುನಿದರೆ ಸಂಸ್ಥೆ ಬೀಳುತ್ತದೆ. ಸಾವಿರ ಮಂದಿಯಲ್ಲಿ ಹತ್ತು ಜನ ಬಿಟ್ಟುಹೋದರೆ ಏನೂ ಆಗದು. ಅಷ್ಟೇ ಅಲ್ಲ, ಹತ್ತು ರೂಪಾಯಿ ಕೊಟ್ಟವನು ಅದನ್ನು ತನ್ನ ಸಂಸ್ಥೆಯೆಂದೇ ತಿಳಿಯುತ್ತಾನೆ. 2008ರಲ್ಲಿ ಕೇರಳ ಸರಕಾರ ಉಪಶಮನ ಆರೈಕೆಗೆ ನೀತಿಯನ್ನೇ ರೂಪಿಸಿತು, ಪಂಚಾಯತುಗಳೂ ಕೈಜೋಡಿಸಿದವು. ಜನ ಮೊದಲು ಬಂದರು, ಸರಕಾರ ಆಮೇಲೆ ಬಂತು.

ರೋಗಿ ತೀರಿಕೊಂಡ ಮೇಲೆ ಆ ಮನೆಯ ದಾರಿಯನ್ನು ಮರೆಯಬಾರದು ಎಂಬುದು ಉಪಶಮನ ಆರೈಕೆಯ ತತ್ವದಲ್ಲೇ ಇದೆ. ಕಾಯಿಲೆಯ ಕಾಲದಲ್ಲಿ ಬಂದುಹೋಗುತ್ತಿದ್ದ ಸ್ವಯಂಸೇವಕಿಯೇ ಆಮೇಲೂ ಬಂದು ಕುಳಿತರೆ, ಪರಿಚಯ ಹೇಳಿಕೊಳ್ಳುವ ಅಗತ್ಯವೇ ಇರುವುದಿಲ್ಲ. ಆದರೆ ಹಣ ಕಡಿಮೆಯಾದಾಗ ಮೊದಲು ನಿಲ್ಲುವ ಭಯವಿರುವುದು ಈ ಭೇಟಿಗೇ. ಔಷಧಿ ಇಲ್ಲದಿದ್ದರೆ ರೋಗಿ ನರಳುವುದು ಎಲ್ಲರಿಗೂ ಕೇಳಿಸುತ್ತದೆ. ವಿಧವೆಯ ಮೌನ ಯಾರಿಗೂ ಕೇಳಿಸುವುದಿಲ್ಲ.

ನಮ್ಮ ರಾಜ್ಯದಲ್ಲೂ ದಾರಿ ತೋರಿದವರಿದ್ದಾರೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಆದರೆ ಪ್ರತಿ ಊರಿಗೂ ಒಂದು ಆಶ್ರಯ ಕಟ್ಟಲಾಗದು, ಕಟ್ಟಬೇಕಾಗಿಯೂ ಇಲ್ಲ. ಸಾಮಾನ್ಯವಾಗಿ ನಮ್ಮ ಜಮಾಅತುಗಳ ಲೆಕ್ಕಪುಸ್ತಕದಲ್ಲಿ ಕಫನ್ನಿಗೆ, ಗೋರಿ ತೋಡುವವರ ಕೂಲಿಗೆ ಜಾಗವಿರುತ್ತದೆ. ಮಣ್ಣು ಮಾಡಿ ಬಂದ ನಂತರದ ಆರು ತಿಂಗಳಿಗೆ ಜಾಗವಿರುವುದಿಲ್ಲ. ಮೊಹಲ್ಲಾದ ನಾಲ್ಕಾರು ಹೆಣ್ಣುಮಕ್ಕಳಿಗೆ ತರಬೇತಿ, ಅವರ ಬಸ್ ಖರ್ಚು, ತಂದೆ ತೀರಿಕೊಂಡ ಮಕ್ಕಳ ಪುಸ್ತಕ ಇಷ್ಟಕ್ಕೆ ಮನೆಗೆ ಹತ್ತು ರೂಪಾಯಿಯಂತೆ ಪ್ರತಿ ತಿಂಗಳು ಸೇರಿಸುವುದು ಯಾವ ಜಮಾಅತಿಗೂ ಭಾರವಲ್ಲ. ಜಾತಿ ಮತ ನೋಡದೆ ನೆರೆಯ ಬಾಗಿಲನ್ನೂ ತಟ್ಟಿದರೆ ಅದು ಊರಿನದೇ ಕೆಲಸವಾಗುತ್ತದೆ. ಮುಂದಿನ ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುವಾಗ, ಈ ಒಂದು ಬಾಬ್ತು ಎಲ್ಲಿದೆ ಎಂದು ಯಾರಾದರೂ ಎದ್ದು ಕೇಳಬೇಕು.